ಚೀಲವನ್ನೇಕೆ ಬಿಟ್ಟಿರಿ?

ಗಂಗಾಸ್ನಾನ, ತುಂಗಾಪಾನ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಮೀಯುವುದಕ್ಕೆ ಗಂಗೆ, ಕುಡಿಯುವುದಕ್ಕೆ ತುಂಗೆ ಎಂದು ನಮ್ಮ ಹಿರಿಯರು ಎಂದೋ ತೀರ್ಪು ಕೊಟ್ಟುಬಿಟ್ಟಿದ್ದಾರೆ. ತುಂಗಭದ್ರೆಯ ದಂಡೆಯಲ್ಲಿ ಬೆಳೆದವನಾದುದರಿಂದ ನಾನು ತರಗತಿಯಲ್ಲಿ ಈ ಮಾತನ್ನು ಹೇಳುವಾಗಲೆಲ್ಲ, ಆ ನೀರಿನ ರುಚಿಗೆ ನಾನೇ ಕಾರಣನೋ ಎಂಬಂತೆ ಎದೆಯುಬ್ಬಿಸಿದ್ದುಂಟು. ಹೋದ ವರ್ಷ ಒಂದು ದಿನ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸರ್, ತಾವು ಹೊಳೆಯ ನೀರು ಕುಡಿದು ಎಷ್ಟು ವರ್ಷವಾಯಿತು?" ಎಂದು ಬಹು ವಿನಯದಿಂದ ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಮೇಜಿನ ಮೇಲೆ ನನ್ನ ಪುಸ್ತಕಗಳ ಪಕ್ಕದಲ್ಲಿ ಅಂಗಡಿಯಿಂದ ಕೊಂಡು ತಂದ ನೀರಿನ ಬಾಟಲಿ ನಿಂತಿತ್ತು. ಅದನ್ನು ಮೆಲ್ಲಗೆ ಪುಸ್ತಕದ ಮರೆಗೆ ಸರಿಸಿದೆ.

ಆ ಪ್ರಶ್ನೆಗೆ ಅಂದು ಉತ್ತರ ಹೇಳಲಿಲ್ಲ. ಇಂದು ಈ ಪುಟದಲ್ಲಿ ಹೇಳಬೇಕೆಂದಿದ್ದೇನೆ. ಅದಕ್ಕೆ ಮೊದಲು ನನ್ನ ತಪ್ಪೊಂದನ್ನು ವಾಚಕರಲ್ಲಿ ಒಪ್ಪಿಕೊಳ್ಳಬೇಕು.

ನಮ್ಮ ತಾಯಿ ತೀರಿಕೊಂಡದ್ದು ಕಾರ್ತಿಕದಲ್ಲಿ. ಅಸ್ಥಿಯನ್ನು ಹಂಪೆಯ ಚಕ್ರತೀರ್ಥದಲ್ಲಿ ಬಿಡಬೇಕೆಂದು ಆಕೆಯೇ ಹೇಳಿದ್ದಳು. ಕೋದಂಡರಾಮನ ಗುಡಿಯ ಮುಂದೆ ಹೊಳೆ ಬಂಡೆಗಳ ನಡುವೆ ತಿರುಗುವ ತಾಣ ಅದು. ಒಬ್ಬ ಮುದುಕನ ಹರಿಗೋಲಿನಲ್ಲಿ ಕುಳಿತು ನಾನೂ ನಮ್ಮ ಅಕ್ಕನೂ ಮಡುವಿನ ನಡುವಿಗೆ ಹೋದೆವು. ಮಂತ್ರ ಮುಗಿಯಿತು, ಕುಡಿಕೆಯನ್ನು ಬಾಗಿಸಿದೆ, ತಾಯಿ ನೀರಿಗೆ ಸೇರಿದಳು. ಕಣ್ಣು ಮಂಜಾಗಿತ್ತು. ಆ ಮಂಜಿನಲ್ಲಿಯೇ, ಉಳಿದ ಹೂವು, ಊದಿನಕಡ್ಡಿಯ ಪೊಟ್ಟಣ, ತಾಯಿ ಕೊನೆಗೆ ಉಟ್ಟಿದ್ದ ನೈಲಾನಿನ ಸೀರೆ, ಎಲ್ಲವನ್ನೂ ತುಂಬಿದ್ದ ಪ್ಲಾಸ್ಟಿಕ್ ಚೀಲವನ್ನು ಹಾಗೆಯೇ ಹೊಳೆಗೆ ಬಿಟ್ಟು ಕೈ ಮುಗಿದೆ.

ಮುದುಕ ಏನೂ ಅನ್ನಲಿಲ್ಲ. ಹರಿಗೋಲಿನ ತಳದಿಂದ ತುದಿಗೆ ಕೊಕ್ಕೆ ಕಟ್ಟಿದ ಬಿದಿರುಗಳವೊಂದನ್ನು ತೆಗೆದು, ತೇಲುತ್ತಿದ್ದ ಚೀಲವನ್ನು ಹಿಡಿದೆಳೆದು, ನೀರು ಬಸಿದು, ನನ್ನ ಕಾಲ ಬಳಿ ಇಟ್ಟ. ಆಮೇಲೆ ಹೇಳಿದ:

"ಅವ್ವನ್ನ ಬಿಟ್ರಿ, ಸರಿ. ಚೀಲ ಯಾಕ ಬಿಟ್ರಿ, ಸ್ವಾಮಿ? ಇದಕ್ಕ ಮುಕ್ತಿ ಇಲ್ರೀ."

ಎಂ.ಎ. ತರಗತಿಗಳಲ್ಲಿ ಮುಕ್ತಿಯ ವಿಷಯವಾಗಿ ನಾನು ಕೇಳಿದ ಉಪನ್ಯಾಸಗಳು ಕಡಮೆಯಲ್ಲ. ಇಷ್ಟು ಚಿಕ್ಕದಾಗಿ, ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಮೂಳೆ ಕರಗುತ್ತದೆ, ಬೂದಿ ಕರಗುತ್ತದೆ, ಹೂವು ಕೊಳೆತು ಮಣ್ಣಾಗುತ್ತದೆ. ಆ ಚೀಲ ನನ್ನ ಮೊಮ್ಮಕ್ಕಳ ಕಾಲಕ್ಕೂ ಯಾವುದೋ ಬಂಡೆಯ ಸಂದಿಯಲ್ಲಿ ನೇತಾಡುತ್ತಿರುತ್ತದೆ.

ದಡಕ್ಕೆ ಬಂದಾಗ ಕಂಡೆ: ಬಂಡೆಯ ಮೇಲೆ ಮೂರು ಗುಡ್ಡೆಗಳು. ಒಂದರಲ್ಲಿ ಮಿಂದವರು ಬಿಟ್ಟುಹೋದ ಬಟ್ಟೆ, ಇನ್ನೊಂದರಲ್ಲಿ ಬಾಟಲಿ, ಮತ್ತೊಂದರಲ್ಲಿ ಚೀಲ, ಚಪ್ಪಲಿ, ಒಡೆದ ದೇವರ ಪಟದ ಚೌಕಟ್ಟು. ದಿನದ ಮೊದಲ ಗಿರಾಕಿ ಬರುವುದಕ್ಕೆ ಮುಂಚೆ ಒಂದು ಗಂಟೆಯ ಹೊತ್ತು ಅವನು ಆ ಕೊಕ್ಕೆಯಿಂದ ಮಡುವನ್ನು ತಡಕಾಡಿ ಇವನ್ನೆಲ್ಲ ಎತ್ತಿ ಹಾಕುತ್ತಾನಂತೆ. ಬಾಟಲಿಗಳು ಗುಜರಿಗೆ ಹೋಗುತ್ತವೆ. ಮಿಕ್ಕದ್ದನ್ನು ಪಂಚಾಯಿತಿಯ ಕಸದ ಬಂಡಿಗೆ ಹೊರುತ್ತಾನೆ. ಇದಕ್ಕೆ ಯಾರು ಕೂಲಿ ಕೊಡುತ್ತಾರೆಂದು ಕೇಳಿದೆ. ನನ್ನ ಪ್ರಶ್ನೆ ಅವನಿಗೆ ವಿಚಿತ್ರವಾಗಿ ತೋರಿತು.

"ಕೂಲಿ ಯಾರ ಕೊಡ್ತಾರ್ರೀ? ನಮ್ಮಪ್ಪ ಈ ನೀರ್ನ ಬೊಗಸೀಲಿ ಕುಡೀತಿದ್ದ. ನಾನು ಮನಿಯಿಂದ ಬಾಟ್ಲಿ ತರ್ತೀನಿ. ಹೊಳಿ ಮ್ಯಾಗ ಕುಂತು ಬಾಟ್ಲಿ ನೀರು ಕುಡಿಯಾಕ ನಾಚಿಕಿ ಆಗ್ತದ. ಅದಕ್ಕ ಮಾಡ್ತೀನಿ."

ನನ್ನ ವಿದ್ಯಾರ್ಥಿಯ ಪ್ರಶ್ನೆಯೂ ಈ ಮುದುಕನ ನಾಚಿಕೆಯೂ ಒಂದೇ ಎಂದು ಆಗ ಹೊಳೆಯಿತು. ವ್ಯತ್ಯಾಸವಿಷ್ಟೆ: ನಾನು ಬಾಟಲಿಯನ್ನು ಪುಸ್ತಕದ ಮರೆಗೆ ಸರಿಸಿದ್ದೆ, ಅವನು ಕೊಕ್ಕೆ ಕೈಗೆತ್ತಿಕೊಂಡಿದ್ದ.

ಅವನ ಹರಿಗೋಲಿಗೆ ಹಳೆಯ ಚರಿತ್ರೆಯುಂಟು. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಜನ ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಈಗ ಚರ್ಮದ ಬದಲು ಬೇರೆ ಹೊದಿಕೆ ಬಂದಿದೆ, ಆಕಾರ ಬದಲಾಗಿಲ್ಲ. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆಯಲ್ಲಿ ಇಂದಿಗೂ ನೀರು ಹರಿದು ಹಂಪೆಯ ಬಾಳೆ ಬೆಳೆಯುತ್ತಿದೆ. ರಾಜ್ಯ ಅಳಿಯಿತು, 1565ರಲ್ಲಿ ಪಟ್ಟಣ ಹಾಳಾಯಿತು, ಹೊಳೆ ಮಾತ್ರ ತನ್ನ ಕೆಲಸವನ್ನು ಬಿಡಲಿಲ್ಲ. ಶತ್ರುಗಳು ಮಾಡಲಾರದ ಕೇಡನ್ನು ಆ ಹೊಳೆಗೆ ನಾವು ಒಂದೆರಡು ತಲೆಮಾರಿನಲ್ಲಿ ಮಾಡುತ್ತಿದ್ದೇವೆ.

ಯಾವ ಕೇಡು ಎಂದು ಕೇಳಬಹುದು. ಕಣ್ಣಿಗೆ ಕಾಣುವ ಕೊಳೆ ಅದರಲ್ಲಿ ಅತ್ಯಲ್ಪ. ಪಶ್ಚಿಮಘಟ್ಟದಲ್ಲಿ ಹುಟ್ಟಿ, ಶಿವಮೊಗ್ಗೆಯ ಬಳಿ ಕೂಡಲಿಯಲ್ಲಿ ತುಂಗೆ ಭದ್ರೆಯರು ಒಂದಾದ ಮೇಲೆ, ಕೃಷ್ಣೆಯನ್ನು ಸೇರುವವರೆಗೆ ತುಂಗಭದ್ರೆ ಸುಮಾರು 531 ಕಿಲೋಮೀಟರು ಹರಿಯುತ್ತಾಳೆ. ದಾರಿಯಲ್ಲಿ ಊರೂರಿನ ಚರಂಡಿ ಹಳ್ಳಗಳ ವೇಷದಲ್ಲಿ ಬಂದು ಕೂಡುತ್ತದೆ. ಕೊಳಚೆಯನ್ನು ತಿಂದು ಅರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿವೆ. ಆದರೆ ಅವುಗಳಿಗೂ ಉಸಿರಾಡಲು ಆಮ್ಲಜನಕ ಬೇಕು. ಕೊಳಚೆ ಹೆಚ್ಚಾದಷ್ಟೂ ಅವು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಮೀನಿಗೆ ಉಸಿರು ಉಳಿಯುವುದಿಲ್ಲ. ಗದ್ದೆಗೆ ಹಾಕಿದ ಗೊಬ್ಬರದ ಪಾಲು ಮಳೆಯಲ್ಲಿ ತೊಳೆದು ಬಂದು ಪಾಚಿಗೆ ಆಹಾರವಾಗುತ್ತದೆ. ಕೆಲವು ವರ್ಷ ನಮ್ಮ ಅಣೆಕಟ್ಟಿನ ಹಿನ್ನೀರು ಹಸುರು ಬಣ್ಣ ತಾಳುವುದನ್ನು ನೀವೂ ಕಂಡಿರಬಹುದು. ಬೇಸಗೆಯಲ್ಲಿ ಅಣೆಕಟ್ಟಿನ ಕೆಳಗೆ ಹೊಳೆ ಬಂಡೆಗಳ ನಡುವಣ ಎಳೆಯಾಗಿ ಸಣ್ಣಗಾದಾಗ, ಕೊಳೆ ಅಷ್ಟೇ ಇದ್ದು ಅದನ್ನು ತೆಳುಮಾಡುವ ನೀರು ಇಲ್ಲವಾಗುತ್ತದೆ.

ಇನ್ನು ಮಣ್ಣಿನ ಮಾತು. ಹೊಸಪೇಟೆಯ ಅಣೆಕಟ್ಟನ್ನು ಕಟ್ಟಿದಾಗ ಅದರ ಹೊಟ್ಟೆಯಲ್ಲಿ 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿತ್ತು. ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿ.ಎಂ.ಸಿ. ಮಾತ್ರ. ಸುಮಾರು ಐದರಲ್ಲೊಂದು ಪಾಲಿನಷ್ಟು ಜಾಗದಲ್ಲಿ ಹೂಳು ಮನೆಮಾಡಿದೆ. ಮೇಲಿನ ಕಾಡು ಕಡಿದದ್ದು, ಹೊಲದ ಮಣ್ಣು ಕೊಚ್ಚಿದ್ದು, ಎಲ್ಲದರ ಪಾಲೂ ಅದರಲ್ಲಿ ಉಂಟು. ನೂರಾರು ಕಿಲೋಮೀಟರಿನ ಕೆಲಸಗಳ ಫಲ ಹೀಗೆ ಒಂದು ಕಡೆ ಬಂದು ಕೂರುತ್ತದೆ.

ಹಾಗಾದರೆ ಮುದುಕನ ಕೊಕ್ಕೆಯಿಂದ ಆಗುವುದೇನು? ಅದು ಚೀಲವನ್ನು ಎತ್ತೀತು; ಚರಂಡಿಯನ್ನು ಎತ್ತಲಾರದು. ಈ ಪ್ರಶ್ನೆ ನನ್ನನ್ನು ಹಲವು ದಿನ ಕಾಡಿತು. ಉತ್ತರಕ್ಕಾಗಿ, ಇದೇ ಹೊಳೆಗಾಗಿ ಹೋರಾಡಿದ ಇನ್ನೊಬ್ಬರ ಕಥೆಯನ್ನು ನೆನೆಯಬೇಕಾಯಿತು.

ಗದಗ ಸೀಮೆಯ ಎಸ್. ಆರ್. ಹಿರೇಮಠರು ಇಂಜಿನಿಯರಿಂಗ್ ಕಲಿತು ಅಮೆರಿಕಕ್ಕೆ ಹೋಗಿ, ಷಿಕಾಗೋ ನಗರದಲ್ಲಿ ಒಳ್ಳೆಯ ಕೆಲಸದಲ್ಲಿದ್ದವರು. 1979ರಲ್ಲಿ ಅದನ್ನೆಲ್ಲ ಬಿಟ್ಟು ಅಮೆರಿಕದವರಾದ ಪತ್ನಿ ಮೇವಿಸ್ ಅವರೊಡನೆ ಊರಿಗೆ ಮರಳಿ, ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಲ್ಲಿ ಗ್ರಾಮಸೇವೆಗೆ ತೊಡಗಿದರು. ಅಲ್ಲಿಂದ ಹೊಳೆ ದೂರವಿಲ್ಲ. ಅದೇ ತಾಲೂಕಿನ ಕುಮಾರಪಟ್ಟಣದಲ್ಲಿ, ಹೊಳೆಯ ದಂಡೆಯ ಮೇಲೆ, 1970ರ ದಶಕದಿಂದ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆ ಮರದ ತಿರುಳನ್ನು ತಯಾರಿಸುತ್ತಿತ್ತು. ಅದು ಬಿಡುವ ನೀರಿನಿಂದ ಹೊಳೆಯ ಬಣ್ಣ ಕೆಟ್ಟಿತು, ಮೀನು ಸತ್ತು ತೇಲಿತು ಎಂದು ಕೆಳಗಿನ ಹಳ್ಳಿಗಳ ರೈತರೂ ಬೆಸ್ತರೂ ದೂರುತ್ತಿದ್ದರು. ದೂರುವವರು ಬಡವರು, ಕೇಳುವವರಿಗೆ ಬಿಡುವಿರಲಿಲ್ಲ. 1984ರಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿದ ಮೇಲೆ ಹಿರೇಮಠರೂ ಅವರ ಗೆಳೆಯರೂ ಈ ಚದುರಿದ ದೂರುಗಳನ್ನು ಒಂದುಗೂಡಿಸಿದರು; ಹಳ್ಳಿಗಳಲ್ಲಿ ಸಭೆ ಸೇರಿಸಿದರು; ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಮುಂದೆ ಸ್ವಾರಸ್ಯವೊಂದಿದೆ. ಕಾರ್ಖಾನೆಗೆ ಮರ ಬೇಕು. ಮರಕ್ಕೆ ನೆಲ ಬೇಕು. ಸರ್ಕಾರವೂ ಆ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆಯನ್ನು ಕಟ್ಟಿ, ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟುವು. ದನಕರುಗಳ ಗೋಮಾಳ ನೀಲಗಿರಿಯ ಪಾಲಾಯಿತು. ನೀರು ಕೆಟ್ಟವರೂ ನೆಲ ಕಳೆದುಕೊಂಡವರೂ ಒಂದೇ ದುಃಖದ ಬಂಧುಗಳೆಂದು ಆಗ ತಿಳಿಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಉಪಯೋಗವಾಗುವ ಮರಗಳ ಸಸಿಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂಬ ಆ ಸತ್ಯಾಗ್ರಹದ ಹೆಸರೇ ಅದರ ತತ್ತ್ವ: ಬರಿಯ ಕೀಳುವುದಲ್ಲ, ಹಚ್ಚುವುದೂ ಉಂಟು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ನಮ್ಮ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. 1991ರಲ್ಲಿ ಆ ಪಲ್ಪ್‌ವುಡ್ ಸಂಸ್ಥೆ ಮುಚ್ಚಿತು.

ಹೊಳೆಯ ಜಾಡು ಹಿಡಿದು ಹೊರಟ ಇದೇ ಸಂಸ್ಥೆ ಮುಂದೆ ನಮ್ಮ ಸಂಡೂರಿಗೂ ಬಂದಿತು. ಸಂಡೂರಿನ ಗುಡ್ಡಗಳ ನಡುವೆ ನಾರಿಹಳ್ಳ ಹರಿಯುತ್ತದೆ. ಭೀಮಗಂಡಿ, ಉಬ್ಬಲಗಂಡಿಗಳಲ್ಲಿ ಅದು ಬೆಟ್ಟವನ್ನೇ ಸೀಳಿದೆ. ತಾರಾನಗರದ ಬಳಿ ಅದಕ್ಕೆ ಜಲಾಶಯವೂ ಉಂಟು. ಅದಿರಿನ ಬೆಲೆ ಏರಿದ ಆ ವರ್ಷಗಳಲ್ಲಿ ಗುಡ್ಡಗಳ ನೆತ್ತಿ ಬೋಳಾಗಿ, ಮಳೆಗಾಲದಲ್ಲಿ ಹಳ್ಳ ಕೆಂಪಗೆ ಹರಿದದ್ದನ್ನು ಈ ಭಾಗದವರು ಮರೆತಿಲ್ಲ. ಸಂಡೂರಿನಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿಗಳು, ಬಾಲ್ಯದಲ್ಲಿ ಬಟ್ಟೆ ಒಗೆದು ಹರವಿದರೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತೆಂದು ಹೇಳುತ್ತಿದ್ದರು. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಮೊರೆಹೋಯಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂದಿತು; ಅದೇ ತಿಂಗಳ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನ್ಯಾಯಾಲಯ ತಡೆಯಿತು. 2013ರ ಏಪ್ರಿಲ್ 18ರ ತೀರ್ಪು ಅತಿಯಾದ ಅಕ್ರಮ ಮಾಡಿದ್ದ ಗಣಿಗಳ ಗುತ್ತಿಗೆಯನ್ನು ರದ್ದುಪಡಿಸಿ, ಉಳಿದವು ತಮ್ಮ ನೆಲವನ್ನು ಸರಿಪಡಿಸುವ ಯೋಜನೆಯಂತೆ ನಡೆಯಬೇಕೆಂದು ಕಟ್ಟು ಮಾಡಿತು. ಗುಡ್ಡದ ಕೊರಕಲುಗಳಿಗೆ ಒಡ್ಡು ಹಾಕುವುದು, ಮಣ್ಣು ಹಳ್ಳಕ್ಕೆ ಇಳಿಯದಂತೆ ತಡೆಯುವುದು ಇವೆಲ್ಲ ಅದರಲ್ಲಿ ಸೇರಿದುವು. ಗಣಿ ನಿಂತಾಗ ಕೂಲಿ ಕಳೆದುಕೊಂಡವರೂ ಇದ್ದರು, ಲಾರಿಯ ಸಾಲ ತೀರಿಸಲಾಗದೆ ಕಂಗೆಟ್ಟವರೂ ಇದ್ದರು; ಅದನ್ನು ಮರೆಮಾಚಿ ಹೊಗಳುವುದು ನ್ಯಾಯವಲ್ಲ. ಹೊಳೆಯನ್ನು ಕೆಡಿಸಿದ ಲಾಭ ಕೆಲವರಿಗೆ ಹೋಗಿ, ಸರಿಪಡಿಸುವ ಕಷ್ಟ ಬಡವರ ತಲೆಗೆ ಬರುವುದು ಲೋಕರೂಢಿಯಾಗಿಬಿಟ್ಟಿದೆ.

ಕೋರ್ಟು ಒಂದು ದಾರಿ. ಗುದ್ದಲಿಯ ದಾರಿಯೂ ಉಂಟು. ಪಂಜಾಬಿನ ಸುಲ್ತಾನ್‌ಪುರ ಲೋಧಿಯ ಬಳಿ ಕಾಳಿ ಬೇಈ ಎಂಬ 160 ಕಿಲೋಮೀಟರಿನ ಹೊಳೆ ಹರಿಯುತ್ತದೆ. ಗುರು ನಾನಕರು ಮಿಂದ ಹೊಳೆಯೆಂದು ಸಿಖ್ಖರಿಗೆ ಅದು ಪವಿತ್ರ. ಪವಿತ್ರವೆಂದು ಕೈಮುಗಿಯುತ್ತಲೇ ಊರುಗಳವರು ತಮ್ಮ ಚರಂಡಿಗಳನ್ನೆಲ್ಲ ಅದಕ್ಕೆ ತಿರುಗಿಸಿದ್ದರು. ಅಂತರಗಂಗೆ ಬೆಳೆದು ನೀರೇ ಕಾಣದಂತಾಗಿತ್ತು. 2000ನೆಯ ಇಸವಿಯಲ್ಲಿ ಬಲಬೀರ್ ಸಿಂಗ್ ಸೀಚೆವಾಲ್ ಎಂಬ ಸಂತರು ತಾವೇ ನೀರಿಗಿಳಿದು ಕಳೆ ಕೀಳತೊಡಗಿದರು. ಜನ ಕೂಡಿದರು, ವರ್ಷಗಟ್ಟಲೆ ಶ್ರಮದಾನ ನಡೆಯಿತು. ಆದರೆ ಅವರು ಕಳೆ ಕಿತ್ತು ಸುಮ್ಮನಾಗಲಿಲ್ಲ. ಊರಿನ ಕೊಳಚೆಯನ್ನು ಕೊಳವೆಗಳಲ್ಲಿ ಒಯ್ದು, ಹೊಂಡಗಳಲ್ಲಿ ತಿಳಿಗೊಳಿಸಿ, ಹೊಲಗಳಿಗೆ ಹಾಯಿಸುವ ಏರ್ಪಾಡನ್ನು ಹಳ್ಳಿ ಹಳ್ಳಿಗೆ ಕಲಿಸಿದರು. ಹೊಳೆಗೆ ಶಾಪವಾದದ್ದು ಹೊಲಕ್ಕೆ ವರವಾಯಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಲ್ಲಿಗೆ ಹೋಗಿ ಆ ಕೆಲಸವನ್ನು ಕಂಡುಬಂದರು; 2017ರಲ್ಲಿ ಸೀಚೆವಾಲರಿಗೆ ಪದ್ಮಶ್ರೀ ಸಂದಿತು.

ಈ ಎರಡು ಕಥೆಗಳನ್ನು ಎದುರಿಗಿಟ್ಟುಕೊಂಡಾಗ ನನ್ನ ಪ್ರಶ್ನೆಗೆ ಉತ್ತರ ತಾನೇ ದೊರೆಯಿತು. ಕೊಕ್ಕೆಯಿಂದ ಹೊಳೆ ಶುದ್ಧವಾಗದು, ನಿಜ. ಆದರೆ ಕೊಕ್ಕೆ ಹಿಡಿಯದವನು ಕೋರ್ಟಿಗೂ ಹೋಗಲಾರ, ಗುದ್ದಲಿಯನ್ನೂ ಹಿಡಿಯಲಾರ. ಹಿರೇಮಠರು ನ್ಯಾಯಾಲಯಕ್ಕೆ ಹೋಗುವ ಮೊದಲು ಹಳ್ಳಿಯ ದಂಡೆಯಲ್ಲಿ ನಿಂತು ನೀರಿನ ಬಣ್ಣ ನೋಡಿದ್ದರು. ಸೀಚೆವಾಲರು ಕೊಳವೆಯ ಲೆಕ್ಕ ಹಾಕುವ ಮೊದಲು ಕೆಸರಿಗಿಳಿದಿದ್ದರು. ಕೊಳೆಯನ್ನು ಕೈಯಿಂದ ಮುಟ್ಟಿದವನಿಗೆ ಮಾತ್ರ ಅದು ಎಲ್ಲಿಂದ ಬಂತೆಂಬ ಪ್ರಶ್ನೆ ಹುಟ್ಟುತ್ತದೆ. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಹೊಳೆಯ ಗುಂಟ ಪಾದಯಾತ್ರೆ ಹೊರಟದ್ದೂ ಈ ಪ್ರಶ್ನೆಯನ್ನು ಊರೂರಿನ ಬಾಯಲ್ಲಿ ಇಡುವುದಕ್ಕೇ.

ಹೊಳೆ ಯಾರಿಗಾಗಿ ಶುದ್ಧವಾಗಬೇಕು? ನಮಗಾಗಿ ಮಾತ್ರವಲ್ಲ. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗೆ ಸುಮಾರು 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ನಮ್ಮ ಮನೆಗಳಿಂದ ಗಾವುದ ದೂರದಲ್ಲಿ ಬಂಡೆಗಳ ನಡುವೆ ಅವು ಸಂಸಾರ ಸಮೇತ ಬಾಳುತ್ತಿವೆ. ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ? ಮೀನಿದ್ದರೆ ನೀರುನಾಯಿ, ನೀರಿಗೆ ಉಸಿರಿದ್ದರೆ ಮೀನು. ಕಂಪ್ಲಿಯ ಗದ್ದೆಯ ಬಳಿ ನೀರುನಾಯಿ ತಲೆಯೆತ್ತಿ ನೋಡಿತೆಂದರೆ, ಹೊಳೆ ಇನ್ನೂ ನಮ್ಮನ್ನು ಕೈಬಿಟ್ಟಿಲ್ಲವೆಂದು ತಿಳಿಯತಕ್ಕದ್ದು.

ಗೃಹಸ್ಥರಾದ ನಾವು ಮಾಡಬಹುದಾದದ್ದು ಏನು ಎಂದು ಗೃಹಿಣಿಯರು ಕೇಳಬಹುದು. ದೊಡ್ಡದೇನೂ ಇಲ್ಲ. ಹೊಳೆಗೆ ಹೋಗುವಾಗ ಏನನ್ನು ಒಯ್ಯುತ್ತೇವೋ, ಹೂವು ಅಕ್ಷತೆಗಳ ಹೊರತು ಅದನ್ನೆಲ್ಲ ಮರಳಿ ತರುವುದು. ಹಳೆಯ ಬಟ್ಟೆಯನ್ನು ನೀರಿಗೆ ಬಿಟ್ಟರೆ ಪಾಪ ಕಳೆಯುವುದೆಂಬ ನಂಬಿಕೆಯನ್ನು ಬಿಡುವುದು. ಅದೇ ಬಟ್ಟೆಯನ್ನು ಒಗೆದು ಇಲ್ಲದವರಿಗೆ ಕೊಟ್ಟರೆ ಪುಣ್ಯವೂ ಬಂದೀತು. ಗಣಪತಿಯನ್ನು ಬಣ್ಣವಿಲ್ಲದ ಮಣ್ಣಿನಲ್ಲಿ ತರುವುದು. ಇವು ಮನೆಯ ಮಟ್ಟಿನವು. ಇನ್ನೊಂದು ಬೀದಿಯ ಮಟ್ಟಿನದು: ನಮ್ಮ ಬಚ್ಚಲಿನ ನೀರು ಯಾವ ಚರಂಡಿಗೆ, ಆ ಚರಂಡಿ ಯಾವ ಹಳ್ಳಕ್ಕೆ, ಆ ಹಳ್ಳ ಎಲ್ಲಿಗೆ ಎಂದು ಒಮ್ಮೆ ಕಾಲ್ನಡಿಗೆಯಲ್ಲಿ ಹೋಗಿ ನೋಡುವುದು. ನೋಡಿದ ಮೇಲೆ ನಗರಸಭೆಯವರನ್ನು ಕೇಳುವುದು. ಜಲಮಾಲಿನ್ಯವನ್ನು ತಡೆಯುವ ಕಾನೂನು ದೇಶಕ್ಕೆ ಬಂದದ್ದು 1974ರಲ್ಲಿ. ಕಾನೂನಿಗೆ ಐವತ್ತು ತುಂಬಿದೆ, ಕೇಳುವವರು ಮಾತ್ರ ಕಡಮೆ.

ನಾನು ಹಾಗೆ ನಡೆದು ನೋಡಿದೆ. ನಮ್ಮ ಬೀದಿಯ ಚರಂಡಿಯ ಜಾಡು ಹಿಡಿದು, ಮೂಗು ಮುಚ್ಚಿಕೊಂಡು, ಹೊರಟವನು ನಿಂತದ್ದು ಒಂದು ಕಾಲುವೆಯ ದಂಡೆಯ ಮೇಲೆ. ಅಷ್ಟು ದೂರ ಹೋದ ಮೇಲೆ ಬೈಯುವುದಕ್ಕೆ ನನಗೆ ಬೇರೆ ಯಾರೂ ಸಿಕ್ಕಲಿಲ್ಲ. ನಮ್ಮ ಮನೆಯ ಸಾಬೂನಿನ ನೊರೆಯೂ ಅದರಲ್ಲಿತ್ತು. ಮನೆಗೆ ಬಂದು ಅರ್ಜಿ ಬರೆದೆ. ಕನ್ನಡದಲ್ಲಿ ಎಂ.ಎ. ಮಾಡಿದುದರ ಉಪಯೋಗ ಅಂದು ಮೊದಲ ಸಲ ತಿಳಿಯಿತು. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ, ಎರಡನೆಯದನ್ನು ಬರೆದಿದ್ದೇನೆ.

ತಾಯಿಯ ವರ್ಷಾಂತಿಕದ ಮರುದಿನ ಮತ್ತೆ ಚಕ್ರತೀರ್ಥಕ್ಕೆ ಹೋದೆ. ಜೊತೆಗೆ ಆ ಹಿಂದಿನ ಬೆಂಚಿನ ವಿದ್ಯಾರ್ಥಿಯೂ ಅವನ ಮೂವರು ಗೆಳೆಯರೂ ಬಂದಿದ್ದರು. ಕೈಯಲ್ಲಿ ಚೀಲವಿರಲಿಲ್ಲ, ಬಾಳೆಯೆಲೆಯಲ್ಲಿ ನಾಲ್ಕು ಹೂವು ಇದ್ದುವು. ಮುದುಕನಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ, ಹುಡುಗರ ಕೈಗೆ ಗಳಗಳನ್ನು ಕೊಟ್ಟ. ಒಂದು ಗಂಟೆಯಲ್ಲಿ ಬಂಡೆಯ ಮೇಲಿನ ಗುಡ್ಡೆಗಳು ಮೂರಿದ್ದುವು ಐದಾದುವು. ನನ್ನ ಸೊಂಟ ಹಿಡಿಯಿತು. ಹುಡುಗರು ಬೆವರಿ, ದಣಿದು, ನಗುತ್ತಿದ್ದರು.

ಹೊರಡುವಾಗ ನೀರಿನಂಚಿಗೆ ಹೋಗಿ ಬೊಗಸೆ ತುಂಬ ನೀರೆತ್ತಿಕೊಂಡೆ. ಕಾಣುವುದಕ್ಕೆ ತಿಳಿಯಾಗಿಯೇ ಇತ್ತು. ವಿದ್ಯಾರ್ಥಿ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಪ್ರಶ್ನೆ ನನಗೆ ನೆನಪಿದೆಯೆಂದು ಅವನಿಗೂ ತಿಳಿದಿತ್ತು. ಕುಡಿಯುವ ಧೈರ್ಯ ಬರಲಿಲ್ಲ. ಅರ್ಘ್ಯ ಬಿಡುವಂತೆ ನೀರನ್ನು ಹೊಳೆಗೇ ಬಿಟ್ಟೆ.

ಮುದುಕ ಹರಿಗೋಲನ್ನು ಬಂಡೆಗೆ ಕಟ್ಟುತ್ತ ಹೇಳಿದ: "ಇರ್ಲಿ ಬಿಡ್ರೀ. ಈ ಹುಡುಗ್ರು ಕುಡೀಲಿ. ನಾವು ಅಷ್ಟು ಮಾಡಿಟ್ರ ಸಾಕು."

"ತಾತಾ, ಬರುವ ಭಾನುವಾರ ಎಷ್ಟು ಹೊತ್ತಿಗೆ ಬರೋಣ?" ಎಂದು ವಿದ್ಯಾರ್ಥಿ ಕೇಳಿದ.

ನನ್ನನ್ನು ಕೇಳಿದ್ದರೆ ಎಂಟು ಗಂಟೆ ಎನ್ನುತ್ತಿದ್ದೆ. ಮುದುಕ ಆರು ಎಂದ.